ಮಫ್ಲರ್ ಹೆಣೆದು ಕಕ್ಕಸು ಕೇಳಿದ್ದು

ನ್ಯಾಯ ಕೇಳೋಕೆ ಹೋದವರು ನಗೆಪಾಟಲಾಗಿ ವಾಪಸ್ ಬರುವುದು ನಮ್ಮ ಕಡೆ ಹೊಸದೇನಲ್ಲ. ನನಗಂತೂ ಅದು ಸಂತೆಯ ಹಾಗೆ ವಾರಕ್ಕೊಂದು ಸಲ ತಪ್ಪದೆ ನಡೆಯುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನಿಂದ ಉಲ್ಲನ್ ದಾರ, ಗುಂಡಿ, ಪಿನ್ನುಗಳ ಗಂಟು ಹೊತ್ತು ಗುಬ್ಬಿ, ಕುಣಿಗಲ್ ಕಡೆಯ ಸಂತೆಗಳಿಗೆ ಹೋಗುತ್ತಿದ್ದೆ. ಓದಿದ್ದು ಏಳನೇ ಕ್ಲಾಸು, ಅದೂ ಫೇಲು. ಮಿಕ್ಕಿದ್ದನ್ನೆಲ್ಲ ಗುಂಡಿ ಕಟ್ಟಿಕೊಟ್ಟ ಹಳೇ ಪೇಪರುಗಳಲ್ಲಿ ಓದಿಕೊಂಡೆ. ಗುಬ್ಬಿಗೂ ಚೇಳೂರಿಗೂ ನಡುವೆ ಒಂದು ಸಂತೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿ ಇನ್ನೊಂದು ಬೋರ್ಡು ನೆಡುತ್ತಾರೆ. ಬೆಳಗಿನಿಂದ ಸಂಜೆತನಕ ನೂರು ಹೆಂಗಸರು ಕುಳಿತು ಮಾರುವ ಆ ಜಾಗದಲ್ಲಿ ಒಂದು ಕಕ್ಕಸು ಇರಲಿಲ್ಲ. ಗಂಡಸರಿಗೆ ಗೋಡೆ ಇತ್ತು. ಹೆಂಗಸರು ಬಾಯಿಗೆ ನೀರು ಹಾಕದೆ ಕೂರುತ್ತಿದ್ದರು.

ನನ್ನ ಪಕ್ಕ ವೀಳ್ಯದೆಲೆ ಮಾರುವ ಅಜ್ಜಿಗೆ ಉರಿಮೂತ್ರ. ಗಂಟೆಗೊಂದು ಚೊಂಬು ನೀರು ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದರು. ಅಜ್ಜಿ ಎಲೆಗೆ ನೀರು ಚಿಮುಕಿಸುತ್ತಿದ್ದಳೇ ಹೊರತು ತಾನು ಕುಡಿಯುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, “ಕುಡುದ್ರೆ ಎಲ್ಲಿಗೋಗ್ಲವ್ವ?” ಅಂದಳು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹತ್ತು ವರ್ಷ ಅಲೆದೆ. ಅದರಲ್ಲಿ ಕೆಲವು ಪ್ರಸಂಗಗಳು ಇವು.

ಬಿಚ್ಚಿ ಕಲಿತದ್ದು

ಹೆಣೆದ ಸ್ಯಾಂಪಲ್ಲು ನೇತುಹಾಕಿದರೆ ಉಲ್ಲನ್ ಚೆನ್ನಾಗಿ ಮಾರುತ್ತದೆ. ಹೆಣೆಯೋದು ಕಲಿಸಿಕೊಡಿ ಅಂತ ತುಮಕೂರಿನ ಸದಾಶಿವನಗರದಲ್ಲಿ ಒಬ್ಬ ಆಫೀಸರ ಹೆಂಡತಿಯನ್ನು ಕೇಳಿದೆ. ನಿಮ್ಮಂಥವರಿಗೆಲ್ಲ ಅದು ಬರುವುದಿಲ್ಲ ಅಂದರು. ಆ ಸಿಟ್ಟಿಗೆ ಗುಜರಿ ಅಂಗಡಿಯಿಂದ ಒಂದು ಹಳೇ ಮಫ್ಲರ್ ತಂದೆ. ತಾತಂದಿರು ಕಿವಿ ಮುಚ್ಚಿ ಸುತ್ತಿಕೊಳ್ಳುತ್ತಿದ್ದರಲ್ಲ, ಅಂಥದ್ದು. ಬರೀ ಸಾಲು ಸಾಲು ಕಂಬ, ಅಂದರೆ ನೆಟ್ಟಗೆ ನಿಲ್ಲುವ ಕುಣಿಕೆ, ಎರಡೂ ತುದಿಗೆ ಕುಚ್ಚು. ಒಂದು ಸಾಲು ಬಿಚ್ಚುವುದು, ದಾರ ಹೇಗೆ ಬಂತು ಅಂತ ನೋಡುವುದು, ಕೊಕ್ಕೆ ಕಡ್ಡಿಯಲ್ಲಿ ಹಾಗೇ ವಾಪಸ್ ಹಾಕುವುದು. ಮೂರು ತಿಂಗಳಲ್ಲಿ ಪೂರ್ತಿ ಬಿಚ್ಚಿ ಪೂರ್ತಿ ಹೆಣೆದೆ. ಗೆದ್ದೆ ಅಂತ ಆಯಮ್ಮನಿಗೆ ತೋರಿಸಲು ಹೋದೆ. ತಿರುಗಿಸಿ ಮುರುಗಿಸಿ ನೋಡಿದರು.

“ಇದೇನ್ರೀ, ಅಂಗಡೀಲಿ ತಂದಾಗ ಹೆಂಗಿತ್ತೋ ಹಂಗೇ ಇದೆ. ನೀವೇನ್ ಮಾಡಿದ್ರಿ?”

ಪ್ರಶ್ನೆ ಇದ್ದರೆ ಕೇಳಿ

ಕಕ್ಕಸಿಗಾಗಿ ಸಭೆ ಕರೆದೆ. ಸಭೆ ಅಂದರೆ ಗಂಡಂದಿರು ಕಳಿಸಲಿಲ್ಲ. ಬಂದವರು ಅಜ್ಜಿ ಮತ್ತು ಒಂದು ಹಸು. ಮುಂದಿನ ಸಲ ಉಲ್ಲನ್ ಕ್ಲಾಸು ಅಂದೆ. ನಲವತ್ತು ಜನ ಬಂದರು, ಕೆಲವರನ್ನು ಗಂಡಂದಿರೇ ಸೈಕಲ್ಲಿನಲ್ಲಿ ತಂದು ಬಿಟ್ಟರು. ಕೈಗೆ ಕಡ್ಡಿ ಕೊಟ್ಟು ಮೊದಲ ಸಾಲು ತೋರಿಸಿ, ಬಾಗಿಲು ಹಾಕಿಕೊಂಡು ಒಂದು ಗಂಟೆ ಭಾಷಣ ಮಾಡಿದೆ. ನಮ್ಮ ಮಾನ, ನಮ್ಮ ಕಾಯಿಲೆ, ನಮ್ಮಿಂದ ಸುಂಕ ಎತ್ತುವವರ ಕಲ್ಲೆದೆ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ನನಗೇ ಕಣ್ಣಲ್ಲಿ ನೀರು ಬಂತು. ಕೊನೆಗೆ, ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಧೈರ್ಯವಾಗಿ ಕೇಳಿ ಅಂದೆ. ಹಿಂದಿನಿಂದ ಸೊಪ್ಪು ಮಾರುವವಳು ಎದ್ದು ನಿಂತಳು. ಎದೆ ತುಂಬಿ ಬಂತು.

“ಅಕ್ಕ, ಸಾಲು ತಿರುಗ್ಸೋವಾಗ ಮೂರು ಚೈನು ಹಾಕ್ಬೇಕಾ, ನಾಕಾ?”

ಹದಿನೈದು

ಕೊನೆಗೂ ಗುಬ್ಬಿಯ ತಾಲ್ಲೂಕು ಆಫೀಸಿನ ಮುಂದೆ ಧರಣಿ ಕೂತೆವು. ಕ್ಲಾಸಿಗೆ ಅಂತ ಮನೆ ಬಿಟ್ಟವರು, ಸಂಜೆ ಅಷ್ಟುದ್ದ ಹೆಣೆದು ತೋರಿಸದಿದ್ದರೆ ಗಂಡನಿಗೆ ಅನುಮಾನ. ಹೀಗಾಗಿ ಎಲ್ಲರ ಕೈಯಲ್ಲೂ ಕಡ್ಡಿ, ದಾರ. ಮುಷ್ಟಿ ಎತ್ತೋಣ ಅಂದರೆ ಒಂದು ಕೈಯೂ ಖಾಲಿ ಇಲ್ಲ. ನಾನು ಗಂಟಲು ಹರಿಯುವ ಹಾಗೆ “ಬೇಕೇ ಬೇಕು” ಅಂತ ಕೂಗಿದೆ. ಹಿಂದಿನಿಂದ ಉತ್ತರ ಬಂತು: “ಹದಿನಾಕು, ಹದಿನೈದು...”

ಆಫೀಸಿನ ಸಾಹೇಬರು ಹೊರಗೆ ಬಂದರು. ಸಾಲಾಗಿ ಕುಳಿತ ಹೆಂಗಸರನ್ನು ನೋಡಿ ಮುಖ ಅರಳಿತು. ನಾನು ಮನವಿ ಕೊಟ್ಟೆ, ಅದನ್ನು ಮಡಿಸಿ ಗುಮಾಸ್ತನಿಗೆ ಕೊಟ್ಟರು. ಅಜ್ಜಿಯ ಮಫ್ಲರ್ ಎತ್ತಿ ಕೊರಳಿಗೆ ಸುತ್ತಿಕೊಂಡರು. ಅದೂ ಎಂಥದ್ದು? ಅಜ್ಜಿ ಪ್ರತಿ ಸಾಲಿನ ಕೊನೆಯ ಕಂಬ ಮರೆತು, ಗೇಣಗಲ ಶುರುವಾದದ್ದು ತುದಿಯಲ್ಲಿ ಇಲಿಬಾಲವಾಗಿತ್ತು.

“ನಮ್ಮ ತಂದೆಯವರು ಇಂಥದ್ದೇ ಹಾಕ್ತಿದ್ರಮ್ಮ,” ಅಂದವರು ಅದನ್ನು ಸುತ್ತಿಕೊಂಡೇ ಜೀಪು ಹತ್ತಿದರು. ಧರಣಿಯಲ್ಲಿ ಏನಾಯಿತು ಅಂತ ಮಾರನೇ ವಾರ ಯಾರೋ ಕೇಳಿದರು. ನಾವೇ ಒಂದು ಮಫ್ಲರ್ ಕೊಟ್ಟು ಬಂದೆವು ಅಂದೆ.

ಆಯುಧ

ಸಾಹೇಬರಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಬಸ್ಸು ಹತ್ತಿ ಅಲ್ಲಿಗೂ ಹೋಗಿ, ನಮ್ಮ ಮನವಿ ಏನಾಯಿತು ಅಂತ ಗೇಟಿನಲ್ಲಿ ಗಲಾಟೆ ಮಾಡಿದೆ. ಪೊಲೀಸಿನವರು ಠಾಣೆಗೆ ಕರೆದೊಯ್ದು ಚೀಲ ಸುರಿದರು. ರೈಟರು ಬರೆದುಕೊಂಡ: “ತುದಿಯಲ್ಲಿ ಕೊಕ್ಕೆಯಿರುವ ಕಬ್ಬಿಣದ ಆಯುಧ ಒಂದು.” ಅದರಲ್ಲಿ ಯಾರನ್ನು ಕೊಲ್ಲೋಕಾಗುತ್ತಪ್ಪ ಅಂದೆ. ಏನು ಮಾಡ್ತಾರೆ ತೋರಿಸು ಅಂದ. ತೋರಿಸಿದೆ. ಕೂತು ನೋಡಿದ. ಎರಡು ಗಂಟೆ ಕಳೆದಾಗ ಇನ್ಸ್‌ಪೆಕ್ಟರು ಬಂದು, ಈಯಮ್ಮನ್ನ ಬಿಟ್ಟು ಕಳಿಸಿ ಅಂದರು. ರೈಟರು ಎದ್ದು ಸೆಲ್ಯೂಟ್ ಹೊಡೆದ.

“ಸಾರ್, ನಮ್ಮತ್ತೆಗೆ ಅಂತ ಹೇಳಿದೀನಿ. ಕುಚ್ಚು ಕಟ್ಟೋಗಂಟ ಇರ್ಲಿ ಸಾರ್.”

ಸ್ವಾತಂತ್ರ್ಯ ಸಿಕ್ಕ ಮೇಲೂ ಒಂದೂವರೆ ಗಂಟೆ ಠಾಣೆಯಲ್ಲಿ ಕೂತು ಕುಚ್ಚು ಕಟ್ಟಿದ ಹೋರಾಟಗಾರ್ತಿ ನಾನೊಬ್ಬಳೇ ಇರಬೇಕು.

ಕೇಂದ್ರ

ಎಂಬತ್ತರ ದಶಕ ಬಂತು. ನಮ್ಮ ಮನವಿ ಎಲ್ಲೆಲ್ಲಿ ಸುತ್ತಿತೋ, ಒಂದು ದಿನ ಸಂತೆ ಮೈದಾನದಲ್ಲಿ ಪಾಯ ತೋಡಿದರು. ಹೆಂಗಸರು ಕಂಟ್ರಾಕ್ಟರಿಗೆ ಮಜ್ಜಿಗೆ ಕೊಟ್ಟರು. ನಾಲ್ಕು ಗೋಡೆ ಎದ್ದಿತು, ಶೀಟು ಬಿತ್ತು, ಒಳಗಿಂದ ಚಿಲಕ ಹಾಕುವ ಬಾಗಿಲು ಬಂತು. ಕೊನೆಗೆ ಬೋರ್ಡು ಬಂತು: “ಮಹಿಳಾ ಹೆಣಿಗೆ ತರಬೇತಿ ಕೇಂದ್ರ.” ಮಫ್ಲರ್ ಸುತ್ತಿಕೊಂಡು ಹೋದ ಸಾಹೇಬರು ಕಡತದಲ್ಲಿ, ಇಲ್ಲಿನ ಮಹಿಳೆಯರಿಗೆ ಹೆಣಿಗೆಯಲ್ಲಿ ಅಪಾರ ಆಸಕ್ತಿ ಅಂತ ಬರೆದಿದ್ದರಂತೆ.

ನಾನು ಬೋರ್ಡಿನ ಕೆಳಗೆ ಕುಸಿದು ಕುಳಿತೆ. ಹತ್ತು ವರ್ಷ ಮಣ್ಣುಪಾಲು. ಅಜ್ಜಿ ಒಳಗೆ ಹೋಗಿ ನೋಡಿ ಬಂದಳು. ನೆಲಕ್ಕೆ ಸಿಮೆಂಟು ಹಾಕದೆ, ಹಾಕಿದ್ದೇನೆ ಅಂತ ಬರೆಸಿ ಕಂಟ್ರಾಕ್ಟರು ಓಡಿಹೋಗಿದ್ದ. ನನ್ನ ಜೀವನದಲ್ಲಿ ಬಡವರಿಗೆ ಉಪಯೋಗವಾದ ಲಂಚದ ಕೆಲಸ ಅದೊಂದೇ. ಮಧ್ಯಾಹ್ನದೊಳಗೆ ಹೆಂಗಸರು ಮೂಲೆಯಲ್ಲಿ ಗುಂಡಿ ತೋಡಿ, ಎರಡು ಚಪ್ಪಡಿ ಹಾಸಿ, ಚಿಲಕ ಹಾಕಿಕೊಂಡರು. ಅಜ್ಜಿ ಅವತ್ತು ಸಂತೆಯಲ್ಲಿ ಮೊದಲ ಸಲ ಒಂದು ಚೊಂಬು ನೀರು ಗಟಗಟ ಕುಡಿದಳು.

ಆರು ತಿಂಗಳಿಗೆ ತುಮಕೂರಿನಿಂದ ತನಿಖೆಗೆ ಒಬ್ಬರು ಬಂದರು. ಬಾಗಿಲಿನಿಂದ ರಸ್ತೆಯವರೆಗೆ ಕ್ಯೂ. ದಿನಾ ಇಷ್ಟು ಜನ ಬರ್ತಾರಾ ಅಂತ ಕೇಳಿದರು. “ಬರ್ದೆ ಇರಕ್ಕಾಯ್ತದಾ ಸ್ವಾಮಿ?” ಅಂದಳು ಅಜ್ಜಿ. ಅವರು ಮೆಚ್ಚಿ ಬರೆದುಕೊಂಡರು. ಒಳಗೆ ಹೋಗಿ ನೋಡುತ್ತೇನೆ ಅಂದಾಗ ಇಪ್ಪತ್ತು ಹೆಂಗಸರು ಅಡ್ಡ ನಿಂತರು. ನಾನು ಎಷ್ಟು ಕೂಗಿದರೂ ಬಾರದ ಒಗ್ಗಟ್ಟು ಅವತ್ತು ಬಂತು.

ಅವರ ಕೈಗೆ ನಾನು ಒಂದೇ ಸಾಲಿನ ಮನವಿ ಕೊಟ್ಟೆ: ಈ ಕೇಂದ್ರಕ್ಕೆ ತುರ್ತಾಗಿ ನಲ್ಲಿ ನೀರು ಬೇಕು. ತಿಂಗಳೊಳಗೆ ಲಾರಿ ಬಂದು ಎರಡು ಮೂಟೆ ಇಳಿಸಿ ಹೋಯಿತು. ಬಿಚ್ಚಿ ನೋಡಿದರೆ ಉಲ್ಲನ್. ನಾನು ಮೂಟೆಗೆ ಒದ್ದೆ. ಅಜ್ಜಿ ಅದರ ಮೇಲೆಯೇ ಕುಳಿತು ಎಲೆಗೆ ಸುಣ್ಣ ಹಚ್ಚಿದಳು.

“ಬುಡವ್ವ. ನೀರು ಕೇಳಿದ್ಕೆ ಉಲ್ಲನ್ ಕೊಟ್ಟವ್ರೆ. ಮುಂದ್ಲ ಸಲ ಉಲ್ಲನ್ ಕೇಳು.”

ಕೇಳಿಯೂ ನೋಡಿದೆ. ಉಲ್ಲನ್ನೇ ಬಂತು.