ಕಡ ತಂದ ಕರೆಂಟು

ಬೀದಿಯವರೆಲ್ಲ ಅವರನ್ನು ಲ್ಯಾಬ್ ಮೇಷ್ಟ್ರು ಎನ್ನುತ್ತಿದ್ದರು. ನಿಜವಾಗಿ ಅವರು ಮೇಷ್ಟ್ರಲ್ಲ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ನಳಿಕೆ ತೊಳೆದು, ಬ್ಯಾಟರಿ ಚಾರ್ಜ್ ಮಾಡಿಟ್ಟು ನಿವೃತ್ತರಾದವರು. ಆದರೆ ಮೇಷ್ಟ್ರುಗಳು ಬರೀ ಪಾಠ ಹೇಳಿದರು, ಕರೆಂಟು ಕೊಟ್ಟಿದ್ದು ತಾವು (ಇದು ಅವರದೇ ಮಾತು).

ಇಂಥವರ ಕಾರೇ ಮಂಗಳವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ "ಕಟ್" ಎಂದು ಸುಮ್ಮನಾಗಬೇಕೆ? ಅದೂ ಗುರುವಾರ ಹೆಂಡತಿಗೆ ಡ್ರೈವಿಂಗ್ ಪರೀಕ್ಷೆ ಇರುವಾಗ! ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟ ಆಕೆ ಎರಡು ಸಲ ರಿವರ್ಸಿನಲ್ಲಿ ಕಂಬಕ್ಕೆ ಮುತ್ತಿಟ್ಟು ಫೇಲಾಗಿದ್ದಳು. ಕಲಿಕಾ ಲೈಸೆನ್ಸಿನ ಗಡುವು ಅದೇ ಗುರುವಾರಕ್ಕೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಎಲ್ಲವೂ ಮೊದಲಿನಿಂದ ಶುರು.

"ಮೇಷ್ಟ್ರೇ, ನನ್ನ ವ್ಯಾನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡ್ಕೊಳ್ಳಿ, ಐದು ನಿಮಿಷದ ಕೆಲಸ" ಎಂದ ಎದುರುಮನೆಯ ಬೇಕರಿಯವ.

ಮೇಷ್ಟ್ರು ಎದೆಯುಬ್ಬಿಸಿದರು. "ಕಡ ತಂದ ಕರೆಂಟಲ್ಲಿ ಈ ಮನೆ ಕಾರು ಓಡಲ್ಲ!"

ಬುಧವಾರ ಬೆಳಗಾಗುತ್ತಲೇ ಮಹಾಕಾರ್ಯ ಆರಂಭವಾಯಿತು. ಮೇಷ್ಟ್ರು ಕನ್ನಡಕದ ಮೇಲೆ ಇನ್ನೊಂದು ದಪ್ಪ ಕನ್ನಡಕ ಏರಿಸಿ, ಕೈಗೆ ರಬ್ಬರ್ ಗ್ಲೌಸು ತೊಟ್ಟು, ಮೊದಲು ಕಪ್ಪು ತಂತಿ ಆಮೇಲೆ ಕೆಂಪು ತಂತಿ ಬಿಚ್ಚಿ, ಬ್ಯಾಟರಿಯನ್ನು ಹಸುಗೂಸಿನಂತೆ ಎತ್ತಿ ತಂದು ಹಿತ್ತಿಲ ಜಗಲಿಯ ಮೇಲಿಟ್ಟರು. ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಚಾರ್ಜರಿನ ತಂತಿಗಳನ್ನು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿ, ಎಲ್ಲ ಮುಗಿದ ಮೇಲಷ್ಟೇ ಸ್ವಿಚ್ ಒತ್ತಿದರು.

"ಅವಸರದ ಚಾರ್ಜು ಬ್ಯಾಟರಿಗೆ ವಿಷ. ನಿಧಾನವಾಗಿ ಹನ್ನೆರಡು ಗಂಟೆ ಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತೆ. ಒಂದು ಕಿಡಿ ಬಿದ್ರೆ ಢಮಾರ್! ಅಡುಗೆಮನೆ ಬಾಗಿಲು ಇಲ್ಲೇ ಇದೆ, ಯಾರೂ ಒಲೆ ಹಚ್ಚಕೂಡದು."

"ಹಾಗಾದ್ರೆ ಕಾಫಿ?" ಎಂದರು ಅತ್ತೆ, ಅಂದರೆ ಹೆಂಡತಿಯ ತಾಯಿ.

"ಸಂಜೆ ಏಳಕ್ಕೆ."

ಎಂಬತ್ತರ ಆ ಜೀವ ಇಡೀ ದಿನ ತಣ್ಣನೆ ಹಾಲು ಕುಡಿದು, ಅಳಿಯನನ್ನೂ ಬ್ಯಾಟರಿಯನ್ನೂ ಒಂದೇ ದೃಷ್ಟಿಯಿಂದ ದುರುಗುಟ್ಟಿ ನೋಡುತ್ತ ಕುಳಿತಿತ್ತು. ಸಂಜೆ ಏಳಕ್ಕೆ ಮೇಷ್ಟ್ರು ಪರೀಕ್ಷಿಸಿ, ಬ್ಯಾಟರಿ ತುಂಬಿದೆಯೆಂದು ಘೋಷಿಸಿದರು. ಕಾರಿಗೆ ಜೋಡಿಸಿ ಕೀಲಿ ತಿರುಗಿಸಿದರೆ ಇಂಜಿನ್ ಒಂದೇ ಏಟಿಗೆ ಎದ್ದು ಕೂತಿತು. ಆ ರಾತ್ರಿ ಅವರಷ್ಟು ನೆಮ್ಮದಿಯಾಗಿ ಮಲಗಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರಯೋಗ ಮಾಡಿದ ಮೇಲೆ ನಾಲ್ಕು ಜನರ ಮುಂದೆ ಸಾಬೀತು ಮಾಡದಿದ್ದರೆ ಮೇಷ್ಟ್ರಿಗೆ ಊಟ ಸೇರದು. ಗುರುವಾರ ಬೆಳಿಗ್ಗೆ ಏಳಕ್ಕೇ ಬೇಕರಿಯವನನ್ನು ಕೂಗಿ ಕರೆದು ಹೆಡ್‌ಲೈಟು, ಹಾರ್ನು, ಫ್ಯಾನು, ರೇಡಿಯೋ ಎಲ್ಲವನ್ನೂ ಇಂಜಿನ್ ಚಾಲೂ ಮಾಡದೆಯೇ ಹಾಕಿ ತೋರಿಸಿದರು.

"ಲೈಟೇನೋ ಉರೀತಿದೆ. ಎಷ್ಟು ಹೊತ್ತು ತಡೆಯುತ್ತೋ!" ಎಂದ ಅವನು.

"ಎಷ್ಟು ಹೊತ್ತು? ನೀವು ಬ್ರೆಡ್ ಹಂಚಿ ಬನ್ನಿ. ಅಲ್ಲೀವರೆಗೂ ಉರೀತಾನೇ ಇರುತ್ತೆ, ನೋಡ್ತಿರಿ!"

"ರೀ, ಆಫ್ ಮಾಡ್ರಿ" ಎಂದಳು ಹೆಂಡತಿ ಕಿಟಕಿಯಿಂದ.

"ಬ್ಯಾಟರಿ ವಿಷಯ ನನಗೆ ಬಿಡು. ನೀನು ರಿವರ್ಸ್ ನೋಡ್ಕೋ."

ಹಾರ್ನೊಂದನ್ನು ಬಿಟ್ಟು ಉಳಿದದ್ದೆಲ್ಲ ಹಾಗೇ ಇತ್ತು. ಮೇಷ್ಟ್ರು ಸ್ನಾನಕ್ಕೆ ಹೋದರು, ತಿಂಡಿ ತಿಂದರು, ಇಸ್ತ್ರಿಯ ಅಂಗಿ ತೊಟ್ಟರು, ಕನ್ನಡಿಯ ಮುಂದೆ ಮೀಸೆ ತಿರುವಿದರು. ಒಂಬತ್ತೂವರೆಗೆ ಹೆಂಡತಿ ಬಂದು ಕೀಲಿ ತಿರುಗಿಸಿದಳು.

"ಕಟ್."

ಪರೀಕ್ಷೆ ಹತ್ತೂವರೆಗೆ. ಹೆಂಡತಿ ಬೈಯುತ್ತಾಳೆಂದು ಮೇಷ್ಟ್ರು ಕಾದರು, ಆಕೆ ಬೈಯಲಿಲ್ಲ. ಲೈಟು, ಫ್ಯಾನು, ರೇಡಿಯೋಗಳನ್ನು ಒಂದೊಂದಾಗಿ ಆರಿಸಿ ಬೀದಿಯತ್ತ ಕೂಗಿದಳು. "ಅಣ್ಣಾ, ವ್ಯಾನ್ ತಗೊಂಡ್ ಬನ್ನಿ. ಕೇಬಲ್ಲೂ ಬೇಕು!"

ಬ್ರೆಡ್ ಹಂಚಿ ಮರಳಿದ್ದ ಬೇಕರಿಯವ ನಗು ನುಂಗಿಕೊಂಡು ಬಂದ. ಮೇಷ್ಟ್ರು ಕೆಂಪು ಕೇಬಲನ್ನು ಎರಡೂ ಕಡೆ ಸಿಕ್ಕಿಸಿ, ಕಪ್ಪನ್ನು ವ್ಯಾನಿಗೆ ಕಚ್ಚಿಸಿ, ಅದರ ಕೊನೆಯ ತುದಿಯನ್ನು ತಮ್ಮ ಬ್ಯಾಟರಿಯತ್ತ ಒಯ್ದರು.

"ನಿಲ್ಲಿ!" ಎಂದಳು ಹೆಂಡತಿ. "ಅಲ್ಲಿಗಲ್ಲ, ಇಂಜಿನ್ನಿನ ಬರಿಯ ಲೋಹಕ್ಕೆ ಹಾಕ್ಬೇಕು, ಬ್ಯಾಟರಿಯಿಂದ ದೂರ. ಕಿಡಿ ಹಾರಿದ್ರೆ ಢಮಾರ್ ಅನ್ನಲ್ವಾ? ನಿಮ್ಮ ದಪ್ಪ ಕನ್ನಡಕ ಎಲ್ಲಿ? ತನ್ನಿ ಇಲ್ಲಿ."

"ನಿನಗೆ ಇದೆಲ್ಲ ಯಾರು ಹೇಳಿಕೊಟ್ರು?"

"ಇನ್ಯಾರು? ಇಪ್ಪತ್ತಾರು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ನೀವೇ."

ಮೇಷ್ಟ್ರು ದಪ್ಪ ಕನ್ನಡಕವನ್ನೂ ಕೇಬಲಿನ ತುದಿಯನ್ನೂ ಅವಳ ಕೈಗೆ ಕೊಟ್ಟರು. ಮೂವತ್ತು ವರ್ಷದಲ್ಲಿ ಪ್ರಯೋಗಾಲಯದ ಒಬ್ಬ ಹುಡುಗನೂ ಅವರ ಮಾತಿಗೆ ಕಿವಿಗೊಟ್ಟಿರಲಿಲ್ಲ. ಆಕೆ ಕನ್ನಡಕ ತೊಟ್ಟು ಕ್ಲಿಪ್ ಸಿಕ್ಕಿಸಿದಳು, ವ್ಯಾನಿನ ಇಂಜಿನನ್ನು ಐದು ನಿಮಿಷ ಚಾಲೂ ಇಟ್ಟಳು, ಕೀಲಿ ತಿರುಗಿಸಿದಳು. ಕಾರು ಎದ್ದಿತು, ಕಡ ತಂದ ಕರೆಂಟಿನಲ್ಲಿ.

ದಾರಿಯುದ್ದಕ್ಕೂ ಮೇಷ್ಟ್ರದು ಒಂದೇ ಗೋಳು. "ಸುತ್ತುದಾರಿ ಯಾಕೆ ಹಿಡಿದೆ? ಹೊತ್ತಾಯ್ತು!"

"ಓಡಿದಷ್ಟೂ ಚಾರ್ಜ್ ಆಗುತ್ತೆ. ಅದೂ ನಿಮ್ಮದೇ ಪಾಠ. ಸುಮ್ನೆ ಕೂತ್ಕೊಳ್ಳಿ."

ಪರೀಕ್ಷೆಯ ಮೈದಾನದಲ್ಲಿ ಅಧಿಕಾರಿಯ ಮೊದಲ ಮಾತೇ, "ಇಂಜಿನ್ ಆಫ್ ಮಾಡಿ. ಈಗ ಮತ್ತೆ ಸ್ಟಾರ್ಟ್ ಮಾಡಿ." ಬೇಲಿಯಾಚೆ ನಿಂತಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇಂಜಿನ್ ಗುರ್ರೆಂದಿತು. ಕಣ್ಣು ತೆರೆದಾಗ ಕಾರು ಹಿಂದೆ ಹಿಂದೆ ಬರುತ್ತಿತ್ತು. ಎರಡೂ ಕಂಬ ನಿಂತಲ್ಲೇ ನಿಂತಿದ್ದವು. "ಅವಳು ನನ್ನ ಹೆಂಡತಿ" ಎಂದು ಮೇಷ್ಟ್ರು ಪಕ್ಕದಲ್ಲಿದ್ದ ಅಪರಿಚಿತನಿಗೆ ಮೂರು ಸಲ ಹೇಳಿದರು.

ಶನಿವಾರ ಬೇಕರಿಯವನ ವ್ಯಾನೇ ಮುಷ್ಕರ ಹೂಡಿತು. ಬ್ಯಾಟರಿ ಹೊತ್ತು ಬಂದವನನ್ನು ಮೇಷ್ಟ್ರು ಗ್ಲೌಸು ಕೊಡವುತ್ತ ಎದುರುಗೊಂಡರು. ಅವನು ಅವರನ್ನು ದಾಟಿ ಒಳಗೆ ಇಣುಕಿದ. "ಅಕ್ಕ ಇದಾರಾ?"

ಅಕ್ಕ ಬಂದರು. ಕನ್ನಡಕ ಏರಿತು, ಗ್ಲೌಸು ಕೈ ಬದಲಾಯಿಸಿತು. ಮೇಷ್ಟ್ರ ಪಾಲಿಗೆ ಸೀಮೆಸುಣ್ಣದ ಗೆರೆ ಎಳೆಯುವ ಕೆಲಸ ಉಳಿಯಿತು. ಎಳೆದಾದ ಮೇಲೆ ಅವರನ್ನೂ ಗೆರೆಯಾಚೆ ನಿಲ್ಲಿಸಲಾಯಿತು.

ಅತ್ತೆ ಅಡುಗೆಮನೆಯಿಂದ ತಲೆ ಹೊರಹಾಕಿದರು. "ಅಳಿಯಂದ್ರೇ, ಒಲೆ ಹಚ್ಚಲಾ?"

ಮೇಷ್ಟ್ರು ಎದೆಯುಬ್ಬಿಸಿ ನಿಂತು ಹೇಳಿದರು: "ನನ್ನನ್ನೇನು ಕೇಳ್ತೀರಿ? ಅವಳನ್ನ ಕೇಳಿ."