ಮೇಲಕ್ಕೆ ಹರಿದ ತುಕ್ಕು

ಗಡಿಯಾರ ರಿಪೇರಿಯವರಿಗೆ ಈ ಸಲ ಹಲ್ಲಿನ ಡಾಕ್ಟರನ್ನು ಸೋಲಿಸಲೇಬೇಕಿತ್ತು. ಮಾದರಿ ಹಡಗುಗಳ ಸಂಘದ ಪ್ರದರ್ಶನದಲ್ಲಿ ಮೂರು ವರ್ಷದಿಂದ ಮೊದಲ ಬಹುಮಾನ ಆ ಡಾಕ್ಟರಿಗೇ. ಸಾಲದ್ದಕ್ಕೆ ಪ್ರತಿಸಲವೂ ಇವರ ಬೆನ್ನು ತಟ್ಟಿ, "ನಿಮ್ಮದೂ ಪರವಾಗಿಲ್ಲ ಬಿಡಿ" ಎನ್ನುವುದು ಬೇರೆ. ಸೋಲನ್ನಾದರೂ ಸಹಿಸಬಹುದು, ಆ "ಪರವಾಗಿಲ್ಲ"ವನ್ನು ಸಹಿಸುವುದು ಹೇಗೆ?

ಅದಕ್ಕೇ ಆರು ತಿಂಗಳಿಂದ ಊಟದ ಮೇಜಿನ ಮೇಲೆ ಮೊಳದುದ್ದದ ಜಲಾಂತರ್ಗಾಮಿಯೊಂದು ಪವಡಿಸಿತ್ತು. (ಮನೆಯವರು ನೆಲದ ಮೇಲೆ ಕೂತು ಉಣ್ಣುತ್ತಿದ್ದರು.) ಬೆನ್ನಿಗೆ ಬೂದು, ಹೊಟ್ಟೆಗೆ ಕೆಂಪು, ಗೋಪುರದ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಅಂಕಿಗಳು. ಉಳಿದದ್ದು ಅದನ್ನು ಹಳತಾಗಿಸುವ ಮಹಾಕಾರ್ಯ. ತುಕ್ಕಿನ ಬಣ್ಣವನ್ನು ನೀರಾಗಿ ಕಲಸಿ, ಪಕ್ಕದ ಕಿಂಡಿಗಳ ಬಳಿ ಹನಿಹನಿಯಾಗಿ ಇಟ್ಟು, ತಾನಾಗಿ ಹರಿಯಲು ಬಿಟ್ಟರು. ಒಣಗಿದ ಮೇಲೆ ಎತ್ತಿ ಪೀಠದ ಮೇಲೆ ನಿಲ್ಲಿಸಿದರು.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಹೆಂಡತಿ ಸೊಪ್ಪು ಬಿಡಿಸುತ್ತಾ ಅದನ್ನೇ ನೋಡಿದಳು.

"ರೀ, ಇದರ ತುಕ್ಕು ಯಾಕೆ ಮೇಲಕ್ಕೆ ಹರಿದಿದೆ?"

"ನಿನಗೇನು ಗೊತ್ತಾಗುತ್ತೆ? ಇದು ಸಮುದ್ರದೊಳಗೆ ಓಡಾಡೋದು."

"ಓಡಾಡ್ಲಿ ಪಾಪ. ನೀರು ಎಲ್ಲಾದ್ರೂ ಏಣಿ ಹತ್ತುತ್ತಾ?"

ಗಡಿಯಾರದವರು ಕನ್ನಡಕ ಏರಿಸಿದರು. ಹೊಟ್ಟೆಗೆ ಕೆಂಪು ಬಳಿಯಲೆಂದು ಹಡಗನ್ನು ಅಂಗಾತ ಮಲಗಿಸಿದ್ದರು. ತುಕ್ಕನ್ನೂ ಹಾಗೇ ಹರಿಸಿಬಿಟ್ಟಿದ್ದರು. ಸೆಕೆಂಡಿನ ಮುಳ್ಳಿನ ತಪ್ಪು ಹಿಡಿಯುವ ಕಣ್ಣಿಗೆ ಇಡೀ ಹಡಗು ತಲೆಕೆಳಗಾದದ್ದು ಕಂಡಿರಲಿಲ್ಲ.

ಒರೆಸಿದರು. ಮತ್ತೆ ಬಳಿದರು. ಗಾಬರಿಯಲ್ಲಿ ಎಳೆದದ್ದಕ್ಕೆ ತುಕ್ಕಿನ ಬದಲು ಹುಲಿಪಟ್ಟೆ ಮೂಡಿತು. ಹೆಂಡತಿ ಕೈ ತೊಳೆದು ಬಂದಳು.

"ಕೊಡಿ ಇಲ್ಲಿ. ಮೂವತ್ತು ವರ್ಷದಿಂದ ನಲ್ಲಿ ಕೆಳಗಿನ ಕಲೆ ಉಜ್ಜಿದ್ದೀನಿ. ಅದು ಹೇಗೆ ಇಳಿಯುತ್ತೆ ಅಂತ ನನ್ನ ಕೈಗೆ ಗೊತ್ತು."

ಕಿಂಡಿಯ ಕೆಳಗೊಂದು ಚುಕ್ಕಿ, ಒಣಬ್ರಷ್ಷಿನಿಂದ ಕೆಳಕ್ಕೆ ಒಂದೇ ಎಳೆತ. ಮೇಲೆ ದಟ್ಟ, ಕೆಳಗೆ ಇಲಿಬಾಲದಷ್ಟು ತೆಳು. ಒಂದರ ಹಾಗೆ ಇನ್ನೊಂದಿಲ್ಲ. ಮಧ್ಯಾಹ್ನದೊಳಗೆ ಹಡಗಿಗೆ ನಲವತ್ತು ವರ್ಷ ವಯಸ್ಸಾಯಿತು.

ಮರುದಿನದ ತೀರ್ಪುಗಾರರು ಜಲಾಂತರ್ಗಾಮಿಯಲ್ಲೇ ತಲೆ ನರೆತ ಒಬ್ಬ ನಿವೃತ್ತ ನಾವಿಕರು. ಇದರ ಮುಂದೆ ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ.

"ಇದಕ್ಕೇ ಮೊದಲ ಬಹುಮಾನ. ಈ ತುಕ್ಕು ಯಾರ ಕೈಯದು?"

ಗಡಿಯಾರದವರ ನಾಲಗೆ ಸತ್ಯದ ಕಡೆಗೇ ಹೊರಟಿತ್ತು. ಅರ್ಧದಾರಿಯಲ್ಲಿ ಹಲ್ಲಿನ ಡಾಕ್ಟರ ಮುಖ ಕಂಡು ಹಿಂದಿರುಗಿತು.

"ನಂದೇ."

"ಭೇಷ್! ಹಾಗಾದ್ರೆ ಎಲ್ಲರಿಗೂ ಮಾಡಿ ತೋರಿಸಿ."

ಬೂದು ತಗಡು ಬಂತು, ಬ್ರಷ್ಷು ಬಂತು, ಸುತ್ತ ಜನ ಬಂದರು. ಗಡಿಯಾರದವರು ಚುಕ್ಕಿಯಿಟ್ಟು ಎಳೆದರು. ಹುಲಿ ಬಂತು. ಇನ್ನೊಮ್ಮೆ ಎಳೆದರು. ಮರಿಯೂ ಬಂತು.

"ಇದು ಆ ಕೈಯಲ್ಲ ಸ್ವಾಮಿ," ಎಂದರು ನಾವಿಕರು ಮೆಲ್ಲಗೆ.

ಗಡಿಯಾರದವರು ಬೆವರು ಒರೆಸಿಕೊಳ್ಳಲು ಹೋಗಿ ಮೂಗಿಗೂ ತುಕ್ಕು ಹಿಡಿಸಿಕೊಂಡು, ಹೆಂಡತಿ ಕೂತಿದ್ದ ಹಿಂದಿನ ಕುರ್ಚಿಯ ಕಡೆ ತಿರುಗಿದರು. "ಲೇ... ಸ್ವಲ್ಪ ಬಾರೇ."

"ಈಗ ನಾನು ನೆನಪಾದ್ನಾ?" ಎನ್ನುತ್ತಲೇ ಬಂದು ಹೆಂಡತಿ ಒಂದೇ ಎಳೆತದಲ್ಲಿ ತೋರಿಸಿದಳು. ಪ್ರಶಸ್ತಿಪತ್ರದಲ್ಲಿ ಅವಳ ಹೆಸರು ಬಿತ್ತು. ಗಡಿಯಾರದವರದು ಕೆಳಗೆ, "ಸಹಾಯಕರು" ಎಂದು.

ಮುಂದಿನ ಭಾನುವಾರ ಇವರ ಮನೆಯ ಹಜಾರದ ತುಂಬ ಹನ್ನೊಂದು ಗಂಡಸರು ತೊಡೆಯ ಮೇಲೆ ಹಡಗಿಟ್ಟುಕೊಂಡು ವಿಧೇಯರಾಗಿ ಕೂತಿದ್ದರು. ಮುಂದಿನ ಸಾಲಿನಲ್ಲೇ ಹಲ್ಲಿನ ಡಾಕ್ಟರು. ಗಡಿಯಾರದವರೂ ಬ್ರಷ್ಷು ಹಿಡಿದು ಬಂದರು, ಕೂರಲು ಜಾಗವಿರಲಿಲ್ಲ.

"ರೀ, ನಿಮಗೆ ಆಮೇಲೆ ಹೇಳಿಕೊಡ್ತೀನಿ," ಎಂದಳು ಹೆಂಡತಿ ತಲೆ ಎತ್ತದೆ. "ಈಗ ಎಲ್ಲರಿಗೂ ಚಹಾ ಮಾಡ್ಕೊಂಡು ಬನ್ನಿ. ಡಾಕ್ಟರಿಗೆ ಸಕ್ಕರೆ ಬೇಡವಂತೆ."