ಹತ್ತನೇ ಕ್ಲಾಸಿನ ಹುಡುಗಿಯ ವಯಸ್ಸು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಇಂಥ ಪ್ರಸಂಗ ವರ್ಷಕ್ಕೊಮ್ಮೆಯಾದರೂ ಎದುರಾಗುತ್ತದೆ. ಪ್ರತಿ ಸಲ ಹುಡುಗಿ ಮಾತ್ರ ಬೇರೆ. ಈ ವರ್ಷದವಳು ಜಾವಗಲ್ ಕಡೆಯವಳು, ಹತ್ತನೇ ಕ್ಲಾಸು. ವಯಸ್ಸು ಹದಿನೈದು, ದಾಖಲೆಯ ಪ್ರಕಾರ.

ಪ್ರವಾಸ

ಬೇಲೂರಿಗೆ ಶಾಲಾ ಪ್ರವಾಸ. ಒಪ್ಪಿಗೆ ಪತ್ರಕ್ಕೆ ಅವಳ ಅಪ್ಪ ಸಹಿ ಹಾಕಲಿಲ್ಲ. ತೆಂಗಿನಕಾಯಿ ವ್ಯಾಪಾರಿ, ಶಾಲೆಗೇ ಬಂದು ಹೇಳಿದ: “ಇನ್ನೂ ಮಗು ಸಾರ್ ಅದು. ಜನದೊಳಗೆ ತಪ್ಪಿಸ್ಕಂಡ್ರೆ?”

ಪಕ್ಕದಲ್ಲಿ ನಿಂತಿದ್ದ ಮಗು ಹೇಳಿತು: “ಹೋದ ವಾರ ಅಜ್ಜೀನ ಬೇಲೂರು ಆಸ್ಪತ್ರೆಗೆ ನಾನೇ ಕರ್ಕಂಡ್ ಹೋಗಿದ್ದೆ ಸಾರ್. ತಪ್ಪಿಸ್ಕಂಡಿದ್ದು ಅಜ್ಜಿ.”

ತರಬೇತಿ

ದೀಪಾವಳಿ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಮದುವೆ ಗೊತ್ತಾಗಿದೆ ಎಂದು ಗೆಳತಿಯರು ಪಿಸುಗುಟ್ಟಿದರು. ಅದೇ ವಾರ ನನ್ನನ್ನು ಅರಸೀಕೆರೆಗೆ ತರಬೇತಿಗೆ ಕಳಿಸಿದರು. ವಿಷಯ: ಹದಿಹರೆಯವನ್ನು ಹಲವು ದೃಷ್ಟಿಕೋನಗಳಿಂದ ಅರಿಯುವುದು. ಸಂಪನ್ಮೂಲ ವ್ಯಕ್ತಿ ಚಾರ್ಟಿನಲ್ಲಿ ಒಂದು ತಲೆ ಬರೆದು ಅದರತ್ತ ಐದು ಬಾಣ ಬಿಟ್ಟರು: ದೇಹ, ಮನಸ್ಸು, ಮನೆ, ಶಾಲೆ, ಸಮಾಜ.

“ನನ್ನ ವಿದ್ಯಾರ್ಥಿನಿಗೆ ಮುಂದಿನ ವಾರ ಮದುವೆ,” ಎಂದೆ. “ಯಾವ ಬಾಣ ಹಿಡಿಯಲಿ?”

“ಒಳ್ಳೇ ಪ್ರಶ್ನೆ. ಗುಂಪಿನಲ್ಲಿ ಚರ್ಚಿಸಿ.”

ನಮ್ಮ ಗುಂಪು ಚರ್ಚಿಸಿ, ತಲೆಗೆ ಬಣ್ಣ ತುಂಬಿತು.

ಮನೆ

ಅವಳ ಮನೆಗೆ ಹೋದೆ. ಅಪ್ಪ ಕಾಫಿ ತರಿಸಿದ. “ಓದು ಸಾಕು ಸಾರ್. ದೊಡ್ಡ ಹುಡುಗಿ ಈಗ. ಸಂಸಾರ ತೂಗಿಸೋ ಬುದ್ಧಿ ಬಂದೈತೆ.”

“ಮದುವೆ ಬೇಕಾ ಅಂತ ಅವಳನ್ನ ಕೇಳಿದ್ರಾ?”

ಅಪ್ಪ ನಕ್ಕುಬಿಟ್ಟ. “ಅದ್ನೇನ್ ಕೇಳೋದು? ಅದಕ್ಕೇನ್ ಗೊತ್ತಾಯ್ತದೆ?”

“ನಾನು ಪರೀಕ್ಷೆ ಬರೀಬೇಕು ಸಾರ್,” ಎಂದಳು ಹುಡುಗಿ, ಬಾಗಿಲ ಹಿಂದಿನಿಂದ.

“ನೋಡಿದ್ರಾ? ದೊಡ್ಡೋರು ಮಾತಾಡೋವಾಗ ಬಾಯಿ ಹಾಕ್ತದೆ. ಇನ್ನೂ ಮಗು.”

ಮುಚ್ಚಳಿಕೆ

ಬೀದಿಯ ತಿರುವಿನಲ್ಲೇ ನಿಂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಮದುವೆಗೆ ಎರಡು ದಿನವಿರುವಾಗ ಅಧಿಕಾರಿ ಜೀಪಿನಲ್ಲಿ ಬಂದರು.

“ಮದ್ವೆನಾ? ಈ ಮಗೂಗಾ?” ಎಂದು ಅಪ್ಪ ಬೆರಗಾಗಿ ಕೇಳಿದ, ಚಪ್ಪರದ ಕೆಳಗೆ ನಿಂತು.

ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ಅಧಿಕಾರಿ ಮುಚ್ಚಳಿಕೆ ಬರೆಸಿಕೊಂಡರು. ಮರೆಯದಿರಲೆಂದು, ತುಂಬುವ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಅಪ್ಪನ ಕೈಗಿತ್ತರು.

ಸೋಮವಾರ ಹುಡುಗಿ ಶಾಲೆಗೆ ಬಂದಳು. ಮೊದಲ ಬೆಂಚಿನಲ್ಲಿ ಕೂತು, ತಪ್ಪಿಹೋಗಿದ್ದ ಪಾಠಗಳ ನೋಟ್ಸ್ ಬರೆದುಕೊಳ್ಳತೊಡಗಿದಳು. ಹಿಂದೆಯೇ ಅಪ್ಪನೂ ಬಂದ. ಜಗಳಕ್ಕೆ ಬಂದ ಎಂದುಕೊಂಡೆ. ಕೈಮುಗಿದ.

“ತಾರೀಖು ಕೊಡ್ಸಿ ಒಳ್ಳೇದ್ ಮಾಡಿದ್ರಿ ಸಾರ್. ಗಂಡಿನೋರೂ ಕಾಯ್ತೀವಿ ಅಂದವ್ರೆ. ಹದಿನೆಂಟು ತುಂಬಿದ ಮಾರನೇ ದಿನಕ್ಕೇ ಮದ್ವೆ ಛತ್ರ ಹಿಡಿದುಬಿಟ್ಟೆ. ನೀವು ಬರ್ಲೇಬೇಕು, ಈಗ್ಲೇ ರಜಾ ಬರೆದಿಡಿ.”